ಹಣದ ಮಾತು: ಫಂಡ್ ಬೆಳೆದರೆ ನಮಗೇನು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2001ರಲ್ಲಿ ಯುಟಿಐನ (ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ) ಯುಎಸ್-64 ಫಂಡ್ ಕೈಕೊಟ್ಟಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎಷ್ಟೋ ಜನ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಈಗ ಮಗ ತಿಂಗಳು ತಿಂಗಳು ಫಂಡಿಗೆ ಎಸ್‌ಐಪಿ (ಕಂತಿನ ಹೂಡಿಕೆ) ಕಟ್ಟುತ್ತಿದ್ದಾನೆ. ಮ್ಯೂಚುವಲ್ ಫಂಡ್ ಈ ಪಾಟಿ ಬೆಳೆದಿರುವುದು ನೋಡಿದರೆ ಭಯ ಆಗುತ್ತದೆ. ಇದೂ ಒಂದು ದಿನ ಕುಸಿಯುತ್ತದೆಯೇ?
- ಓದುಗರು, ಹಾಸನ

ಉತ್ತರ: ನಿಮ್ಮ ಭಯಕ್ಕೆ ಕಾರಣ ಇದೆ ಮೇಷ್ಟ್ರೇ. ಯುಎಸ್-64ರ ಯೂನಿಟ್ (ಫಂಡಿನ ಒಂದು ಪಾಲು) ಬೆಲೆಯನ್ನು ಯುಟಿಐ ತಾನೇ ಘೋಷಿಸುತ್ತಿತ್ತು, ಒಳಗಿದ್ದ ಷೇರುಗಳ ನಿಜವಾದ ಬೆಲೆಗೂ ಅದಕ್ಕೂ ತಾಳೆ ಇರಲಿಲ್ಲ. ಪೇಟೆ ಬಿದ್ದಾಗ ಬಣ್ಣ ಬಯಲಾಯಿತು. 2001ರ ಜುಲೈನಲ್ಲಿ ಯೂನಿಟ್ ವಾಪಸ್ ಕೊಳ್ಳುವುದನ್ನೇ ನಿಲ್ಲಿಸಿದರು, ಕೊನೆಗೆ ಸರ್ಕಾರ ಕೈಹಾಕಬೇಕಾಯಿತು. ಈಗ ವ್ಯವಹಾರದ ಪ್ರತಿ ದಿನವೂ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ನಿಜವಾದ ಬೆಲೆ, ಲೆಕ್ಕ ಹಾಕಿ ಪ್ರಕಟಿಸಲೇಬೇಕು. ಷೇರುಗಳೂ ಫಂಡ್ ಕಂಪನಿಯ ಜೇಬಿನಲ್ಲಿರುವುದಿಲ್ಲ, ಕಸ್ಟೋಡಿಯನ್ ಅನ್ನುವ ಕಾವಲು ಸಂಸ್ಥೆಯ ಹತ್ತಿರ ಬೇರೆಯಾಗಿ ಇರುತ್ತವೆ. ಪೇಟೆ ಬಿದ್ದರೆ ಮಾತ್ರ ಬೆಲೆ ಬಿದ್ದೇ ಬೀಳುತ್ತದೆ, ಅದಕ್ಕೆ ಯಾರ ಗ್ಯಾರಂಟಿಯೂ ಇಲ್ಲ. ಡೆಟ್ ಫಂಡ್ (ಷೇರಿನ ಬದಲು ಸಾಲಪತ್ರಗಳಲ್ಲಿ ಹಣ ಹಾಕುವ ಫಂಡ್) ಆದರೆ ಪೂರ್ತಿ ಕ್ಷೇಮ ಅಂತಲೂ ಅಂದುಕೊಳ್ಳಬೇಡಿ. 2020ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್ಟನ್ ಅನ್ನುವ ಫಂಡ್ ಕಂಪನಿ ತನ್ನ ಆರು ಡೆಟ್ ಸ್ಕೀಮ್‌ಗಳನ್ನು ಒಟ್ಟಿಗೇ ಮುಚ್ಚಿತು, ಜನರ ಹಣ ಕಂತು ಕಂತಾಗಿ ವಾಪಸ್ ಬಂತು.

ಇನ್ನು ಬೆಳವಣಿಗೆ. 2014ರ ಮೇನಲ್ಲಿ ಇಡೀ ಉದ್ಯಮದ ಕೈಲಿದ್ದ ಗಂಟು 10 ಲಕ್ಷ ಕೋಟಿ ರೂಪಾಯಿ ಮುಟ್ಟಿತು, 2023ರ ಡಿಸೆಂಬರ್‌ಗೆ 50 ಲಕ್ಷ ಕೋಟಿ ದಾಟಿತ್ತು. ಇದರಲ್ಲಿ ಹೊಸ ಹಣವೂ ಇದೆ, ಷೇರು ಬೆಲೆ ಏರಿ ಊದಿಕೊಂಡದ್ದೂ ಇದೆ, ಹಾಗಾಗಿ ಈ ಅಂಕಿ ನೋಡಿ ನಾನು ಹಿಗ್ಗುವುದಿಲ್ಲ. ನನಗೆ ಧೈರ್ಯ ಕೊಡುವುದು ಎಸ್‌ಐಪಿ ಲೆಕ್ಕ. 2016ರ ಏಪ್ರಿಲ್‌ನಲ್ಲಿ ತಿಂಗಳಿಗೆ 3,100 ಕೋಟಿ ಆಸುಪಾಸು ಬರುತ್ತಿತ್ತು, 2024ರ ಅಕ್ಟೋಬರ್‌ನಲ್ಲಿ ಅದು 25,000 ಕೋಟಿ ದಾಟಿತು. ಅದೇ ತಿಂಗಳು ವಿದೇಶಿ ಹೂಡಿಕೆದಾರರು ಒಂದು ಲಕ್ಷ ಕೋಟಿಗೂ ಜಾಸ್ತಿ ಷೇರು ಮಾರಿದರು. ಹೆಚ್ಚುಕಡಿಮೆ ಅಷ್ಟನ್ನೂ ಕೊಂಡದ್ದು ನಮ್ಮದೇ ಫಂಡ್, ವಿಮೆ ಮುಂತಾದ ಸಂಸ್ಥೆಗಳು. ಪೇಟೆ ಇಳಿಯಿತು, ಆದರೆ ಮುಗ್ಗರಿಸಲಿಲ್ಲ. ನಿಮ್ಮ ಮಗನಂಥವರು ತಿಂಗಳಿಗೆ ಕಟ್ಟುವ ಎರಡು ಸಾವಿರ, ಐದು ಸಾವಿರದ ಬಲ ಅದು.

ಮುಂದೆಯೂ ಬೆಳೆಯಲು ಜಾಗ ಬೇಕಾದಷ್ಟಿದೆ. 140 ಕೋಟಿ ಜನರ ದೇಶದಲ್ಲಿ 2024ರ ಹೊತ್ತಿಗೆ ಫಂಡ್‌ನಲ್ಲಿ ಹಣ ಇಟ್ಟವರು ಸುಮಾರು 5 ಕೋಟಿ ಅಷ್ಟೇ. ನನ್ನ ಚಿಂತೆ ಒಂದೇ. 2020ರ ನಂತರ ಶುರುಮಾಡಿದ ಹುಡುಗರು 2008ರಂಥ ವರ್ಷವನ್ನು ಕಂಡಿಲ್ಲ. ಆ ವರ್ಷ ಸೆನ್ಸೆಕ್ಸ್ ಅರ್ಧಕ್ಕೆ ಅರ್ಧ ಇಳಿದಿತ್ತು. ಅಂಥ ದಿನ ಬಂದಾಗ ಎಸ್‌ಐಪಿ ನಿಲ್ಲಿಸಬೇಡ ಅಂತ ಮಗನಿಗೆ ಈಗಲೇ ಹೇಳಿಡಿ, ಐದಾರು ವರ್ಷದೊಳಗೆ ಬೇಕಾಗುವ ಹಣ ಇದಕ್ಕೆ ಹಾಕಬೇಡ ಅಂತಲೂ ಹೇಳಿ.

ಪ್ರಶ್ನೆ: ಹೊಸ ಫಂಡ್ ಒಂದು 10 ರೂಪಾಯಿಗೇ ಸಿಗುತ್ತದೆ, ಹಳೆಯದಕ್ಕೆ 200 ರೂಪಾಯಿ ಕೊಡಬೇಕು ಅಂತ ಬ್ಯಾಂಕಿನವರು ಹೇಳುತ್ತಿದ್ದಾರೆ. ಅಗ್ಗ ಅಲ್ವಾ?
- ಗೃಹಿಣಿ, ಹುಬ್ಬಳ್ಳಿ

ಉತ್ತರ: ಅಗ್ಗ ಅಲ್ಲ ಮೇಡಂ. ನಿಮ್ಮ 10,000 ರೂಪಾಯಿಗೆ ಹೊಸದರಲ್ಲಿ 1,000 ಯೂನಿಟ್ ಬರುತ್ತದೆ, ಹಳೆಯದರಲ್ಲಿ 50. ಎರಡೂ ಶೇ 10 ಏರಿದರೆ ಎರಡರಲ್ಲೂ ನಿಮ್ಮ ಕೈಗೆ ಬರುವುದು 11,000 ರೂಪಾಯಿಯೇ. ಹಳೆಯ ಫಂಡ್‌ಗೆ ಹತ್ತು ವರ್ಷದ ಜಾತಕ ಇರುತ್ತದೆ, ಹೊಸದಕ್ಕೆ ಅದೂ ಇಲ್ಲ. ಅರ್ಜೆಂಟ್ ಮಾಡಿದರೆ ಸಹಿ ಹಾಕಬೇಡಿ.

ಪ್ರಶ್ನೆ: ಉದ್ಯಮ ಬೆಳೆದರೆ ನಮಗೂ ಲಾಭ ತಾನೇ?
- ಓದುಗರು, ಮೈಸೂರು

ಉತ್ತರ: ತಾನಾಗೇ ಅಲ್ಲ. ಗಂಟು ದೊಡ್ಡದಾದಷ್ಟೂ ಕಂಪನಿಗೆ ಶುಲ್ಕ ಜಾಸ್ತಿ ಬರುತ್ತದೆ, ನಮಗೆ ಉಳಿಯುವುದು ಖರ್ಚು ಕಳೆದ ಮೇಲೆ. ತಿಂಗಳಿಗೆ 5,000 ರೂಪಾಯಿಯಂತೆ 20 ವರ್ಷ ಕಟ್ಟಿದಿರಿ ಅನ್ನಿ. ಸುಮ್ನೆ ಲೆಕ್ಕಕ್ಕೆ ವರ್ಷಕ್ಕೆ ಶೇ 12 ಬಂತು ಅಂದುಕೊಂಡರೆ ಸುಮಾರು 50 ಲಕ್ಷ, ಶೇ 11 ಆದರೆ 44 ಲಕ್ಷದ ಒಳಗೇ. ಆ ಒಂದು ಪರ್ಸೆಂಟ್ ಆರು ಲಕ್ಷ ತಿಂದುಹಾಕಿತು! 2013ರ ಜನವರಿಯಿಂದ ಪ್ರತಿ ಫಂಡ್‌ನಲ್ಲೂ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಇದೆ. ಏಜೆಂಟರು ನಿಜವಾಗಿ ಸಲಹೆ ಕೊಟ್ಟು, ಪೇಟೆ ಬಿದ್ದಾಗ ನಿಮ್ಮ ಕೈಹಿಡಿದು ನಿಲ್ಲಿಸುವವರಾದರೆ ಅವರ ಕಮಿಷನ್ ದಂಡ ಅಲ್ಲ. ಫಾರಂ ತುಂಬಿಸಿ ಮಾಯವಾದವರಾದರೆ, ನಿಮ್ಮ ಸ್ಟೇಟ್‌ಮೆಂಟ್ ತೆಗೆದು ಫಂಡಿನ ಹೆಸರಿನ ಪಕ್ಕ ‘ರೆಗ್ಯುಲರ್’ (ಕಮಿಷನ್ ಇರುವುದು) ಅಂತಿದೆಯೋ ‘ಡೈರೆಕ್ಟ್’ ಅಂತಿದೆಯೋ ಇವತ್ತೇ ನೋಡಿ.