ಎಫ್‌ಜಿಎಂ (ಫಂಕ್ಷನಲಿ ಗ್ರೇಡೆಡ್ ಮಟೀರಿಯಲ್, ಅಂದರೆ ಒಂದು ಬದಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಬದಲಾಗುತ್ತಾ ಹೋಗುವ ವಸ್ತು) ಪ್ರಾಜೆಕ್ಟ್‌ಗೆ ಅಲ್ಯೂಮಿನಿಯಂ-ಸಿಲಿಕಾನ್ ಕಾರ್ಬೈಡ್ ರಿಂಗ್ ಬೆಳಗಾವಿಯಲ್ಲೇ ಮಾಡಿಸಬಹುದಾ? ಎರಡು ಲೋಹ ಅಂಟಿಸಿದರೆ ಸಾಲದಾ?

ಮಾಡಿಸಬಹುದು. ನಾನು ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿದ್ದೇನೆ, ಫೈನಲ್ ಇಯರ್ ಹುಡುಗರ ಜೊತೆ ಇಂಥದ್ದೇ ರಿಂಗ್ ಹೊಯ್ದಿದ್ದೇನೆ. ಮೊದಲನೆಯದು ಕೆಟ್ಟಿತ್ತು, ಅದನ್ನೂ ಹೇಳ್ತೀನಿ.

ಅಂಟಿಸಿದರೆ ಸಾಲದು. ಸಿಲಿಕಾನ್ ಕಾರ್ಬೈಡ್ ಲೋಹವೂ ಅಲ್ಲ, ತುಂಬಾ ಗಟ್ಟಿಯಾದ ಸೆರಾಮಿಕ್. ಬಿಸಿಯಾದಾಗ ಎರಡೂ ಒಂದೇ ಸಮ ಹಿಗ್ಗುವುದಿಲ್ಲ, ಕೂಡಿಸಿದ ಗೆರೆಯಲ್ಲೇ ಬಿರುಕು ಬಿಡುತ್ತದೆ. ಎಫ್‌ಜಿಎಂನಲ್ಲಿ ಆ ಗೆರೆಯೇ ಇರುವುದಿಲ್ಲ. ಬಿದಿರು ಸೀಳಿ ನೋಡಿ, ಹೊರಗೆ ನಾರು ದಟ್ಟ, ಒಳಗೆ ಹೋದಂತೆ ವಿರಳ, ಅಷ್ಟೇ ಕಥೆ. 1984ರಲ್ಲಿ ಜಪಾನಿನವರು ಬಾಹ್ಯಾಕಾಶ ವಿಮಾನಕ್ಕೆ ಅಂತ ಇದಕ್ಕೆ ಕೈ ಹಾಕಿದ್ದು, 10 ಮಿ.ಮೀ. ದಪ್ಪದೊಳಗೆ 1000 ಡಿಗ್ರಿ ವ್ಯತ್ಯಾಸ ತಾಳುವ ವಸ್ತು ಬೇಕಿತ್ತು.

ಇದನ್ನು ಮಾಡಲು ಪುಡಿಯ ಪದರ ಒತ್ತಿ ಸಿಂಟರ್ ಮಾಡುವುದು (ಕಾಯಿಸಿ ಗಟ್ಟಿಯಾಗಿ ಕೂಡಿಸುವುದು), ಪ್ಲಾಸ್ಮಾ ಸ್ಪ್ರೇ, ಲೇಸರ್ 3ಡಿ ಪ್ರಿಂಟಿಂಗ್ ಎಲ್ಲಾ ಇವೆ. ಆದರೆ ರಿಂಗಿಗೆ ಸೆಂಟ್ರಿಫ್ಯೂಗಲ್ ಕಾಸ್ಟಿಂಗ್ ಸಾಕು. ಸಕ್ಕರೆ ಫ್ಯಾಕ್ಟರಿಯಲ್ಲಿ ಕಾಕಂಬಿ ಬೇರೆ ಮಾಡುವ ಮಷೀನ್ ತಿರುಗುವುದನ್ನು ನೋಡಿರ್ತೀರಲ್ವಾ? ಇಲ್ಲಿ ಜಾಲರಿ ಇಲ್ಲ, ತಿರುಗುವ ಡೈಗೆ (ಅಚ್ಚಿಗೆ) ಸಿಲಿಕಾನ್ ಕಾರ್ಬೈಡ್ ಪುಡಿ ಕಲಸಿದ ಕರಗಿದ ಲೋಹ ಹೊಯ್ದರೆ ಭಾರದ ಕಣ ತಾನಾಗಿ ಹೊರಕ್ಕೆ ಸರಿಯುತ್ತದೆ. ಸಿಲಿಕಾನ್ ಕಾರ್ಬೈಡ್ ಸಾಂದ್ರತೆ ಘನ ಸೆಂ.ಮೀ.ಗೆ 3.2 ಗ್ರಾಂ, ಕರಗಿದ ಅಲ್ಯೂಮಿನಿಯಂದು ಸುಮಾರು 2.4. ಹಾಗಾಗಿ ಹೊರಮೈ ಗಟ್ಟಿ.

ನಾವು ಕೆಡಿಸಿದ್ದು ಪುಡಿಯನ್ನು. ಜುಲೈ ತಿಂಗಳು, ಬೆಳಗಾವಿ ಮಳೆ ಗೊತ್ತಲ್ಲ, ಪುಡಿ ಸರಿಯಾಗಿ ಕಾಯಿಸದೇ ಹಾಗೇ ಸುರಿದೆವು, ಕಣಗಳು ಮುದ್ದೆಯಾಗಿ ರಿಂಗ್ ತುಂಬಾ ಗಾಳಿ ತೂತು. ಆಮೇಲೆ ಪುಡಿ ಚೆನ್ನಾಗಿ ಕಾಯಿಸಿ, ಸುಮಾರು 1% ಮೆಗ್ನೀಸಿಯಂ ಹಾಕಿ ಕಲಕಿದಾಗ ಕಣ ಲೋಹಕ್ಕೆ ಹಿಡಿಯಿತು. ಶುದ್ಧ ಅಲ್ಯೂಮಿನಿಯಂ ಬೇಡ, 7% ಸಿಲಿಕಾನ್ ಇರುವ ಎ356 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ತಗೊಳ್ಳಿ, ಇಲ್ಲಾಂದ್ರೆ ಜಾಸ್ತಿ ಬಿಸಿಗೆ ಅಲ್ಯೂಮಿನಿಯಂ ಕಾರ್ಬೈಡ್ ಹುಟ್ಟಿ ತೇವ ತಾಗಿದರೆ ಹಾಳಾಗುತ್ತದೆ.

ಬಳಕೆ ಬರೆಯುವಾಗ ಎಲ್ಲರೂ ಸುಮ್ನೆ "ಸಿಲಿಂಡರ್ ಲೈನರ್" (ಪಿಸ್ಟನ್ ಓಡಾಡುವ ಕೊಳವೆ) ಅಂತ ಬರೆದುಬಿಡುತ್ತಾರೆ. ಲೈನರ್ ಸವೆಯುವುದು ಒಳಮೈ, ನಿಮ್ಮ ರಿಂಗ್ ಗಟ್ಟಿ ಇರುವುದು ಹೊರಗೆ! ಒಳಗೆ ಗಟ್ಟಿ ಬೇಕಿದ್ದರೆ ಸಿಲಿಕಾನ್ ಜಾಸ್ತಿ ಇರುವ ಎ390 ಹೊಯ್ಯಿರಿ, ಅದರ ಸಿಲಿಕಾನ್ ಹರಳು ಹಗುರ, ಒಳಕ್ಕೆ ಬರುತ್ತದೆ. ಹೊರಮೈ ಉಜ್ಜುವ ರೋಲರ್ ಅಂತ ಬರೆದರೆ ಸರಿ, ಆದರೆ ಬ್ರೇಕ್ ಡ್ರಮ್ ಅಂತ ಬರೆಯುವ ಮುಂಚೆಯೂ ಉಜ್ಜುವ ಮೈ ಯಾವುದು ಅಂತ ಒಮ್ಮೆ ನೋಡಿ, ಡ್ರಮ್ಮೂ ಒಳಗೇ ಸವೆಯುವುದು.

ಕೊನೆಗೆ ರಿಂಗ್ ಕತ್ತರಿಸಿ ಹೊರಗಿನಿಂದ ಒಳಗೆ 2 ಮಿ.ಮೀ.ಗೊಂದು ಹಾರ್ಡ್‌ನೆಸ್ ತೆಗೆಸಿ. ತೀರಾ ಒಳಮೈಯಲ್ಲಿ ಕಸ, ಗುಳ್ಳೆ ಸೇರಿರುತ್ತದೆ, ಅಷ್ಟನ್ನು ಮೊದಲು ಲೇತ್‌ನಲ್ಲಿ ತೆಗೆಸಿಬಿಡಿ.