ಊರಾಗ ಮನಿ ಇಟ್ಕೊಂಡು ಲಾಡ್ಜ್ ಯಾಕ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಗಂಡನ ಊರು ಗದಗ. ಮೇ ತಿಂಗಳಲ್ಲಿ ನಾದಿನಿಯ ಮದುವೆ, ನಾಲ್ಕು ದಿನ ಇರಬೇಕು. ಮನೆಯಲ್ಲಿ ಮೂವತ್ತು ಜನ ನೆಂಟರು, ಒಂದೇ ಬಚ್ಚಲು. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಹತ್ತು ತಿಂಗಳು. ಹೋದ ಸಲ ಜಾತ್ರೆಗೆ ಬಂದಾಗ ಮಗಳಿಗೆ ವಾಂತಿಭೇದಿಯಾಗಿ ಸಲೈನ್ ಹಾಕಿಸಬೇಕಾಯಿತು. ಅದಕ್ಕೇ ಈ ಸಲ ರೂಮು ಮಾಡೋಣ ಎಂದೆ. ಅತ್ತೆಯವರು ‘ಊರಾಗ ಮನಿ ಇಟ್ಕೊಂಡು ಲಾಡ್ಜಿನ್ಯಾಗ ಇಳದ್ರ ಮಂದಿ ಏನಂದಾರು?’ ಎಂದು ಕಣ್ಣೀರು ಹಾಕಿದರು. ಗಂಡ ಹುಬ್ಬಳ್ಳಿಯಲ್ಲಿ ಈಜುಕೊಳವಿರುವ ಹೋಟೆಲ್ ನೋಡಿಟ್ಟಿದ್ದಾರೆ. ನಾನು ಸ್ವಾರ್ಥಿಯೇ?

ಉತ್ತರ: ಅಲ್ಲ ಅಕ್ಕಾರೆ. ಕೂಸಿಗೆ ನಿದ್ದೆ ಬೇಕು, ಚೊಕ್ಕ ನೀರು ಬೇಕು ಎನ್ನುವುದು ಸ್ವಾರ್ಥವಲ್ಲ. ಹಾಗೆಂದು ನಿಮ್ಮ ಅತ್ತೆಯವರ ಕಣ್ಣೀರೂ ಸುಳ್ಳಲ್ಲ. ಮಗಳ ಮದುವೆಗೆ ಬಂದ ಮಗ-ಸೊಸೆ ಬೇರೆ ಕಡೆ ಇಳಿದರೆ ‘ಅತ್ತಿ-ಸೊಸಿ ನಡುವ ಸರಿ ಇಲ್ಲೇನ?’ ಎಂದು ಕೇಳುವ ಹತ್ತು ಬಾಯಿಗೆ ಉತ್ತರ ಕೊಡಬೇಕಾದವರು ಅವರೇ. ರೂಮು ಮಾಡಿ, ಆದರೆ ಮಲಗುವುದಕ್ಕೆ ಮಾತ್ರ. ಬೆಳಗಿನ ಚಹಾದ ಹೊತ್ತಿಗೆ ನೀವು ಮದುವೆ ಮನೆಯಲ್ಲಿರಬೇಕು, ರಾತ್ರಿ ಊಟ ಅಲ್ಲೇ ಮುಗಿಸಿ ಹೊರಡಬೇಕು. ಇಷ್ಟು ಗಟ್ಟಿ ಮಾಡಿಕೊಂಡರೆ ಎಂಥ ರೂಮು ಬೇಕು ಎನ್ನುವುದೂ ಅರ್ಧ ತೀರ್ಮಾನವಾದಂತೆ.

ಹುಬ್ಬಳ್ಳಿಯ ಹೋಟೆಲ್ ಬಿಟ್ಟುಬಿಡಿ. ಗದಗಿನಿಂದ ಹತ್ತಿರಹತ್ತಿರ 60 ಕಿಲೋಮೀಟರು, ಕಾರಿನಲ್ಲಿ ಒಂದು ಗಂಟೆಯ ಮೇಲಿನ ದಾರಿ. ರಾತ್ರಿ ಹತ್ತಕ್ಕೆ ಹೊರಟರೆ ಮಕ್ಕಳು ದಾರಿಯಲ್ಲೇ ನಿದ್ದೆ ಹೋಗುತ್ತವೆ, ಇಳಿಸುವಾಗ ಎಚ್ಚರಾಗಿ ಅಳುತ್ತವೆ, ಮತ್ತೆ ಮಲಗಿಸುವ ಹೊತ್ತಿಗೆ ನಡುರಾತ್ರಿ. ಬೆಳಗಾದರೆ ಸುರಗಿ, ಮದುಮಗಳಿಗೆ ನೀರೆರೆಯುವ ಶಾಸ್ತ್ರ! ಈಜುಕೊಳ ಈ ವಯಸ್ಸಿನ ಮಕ್ಕಳಿಗೆ ಸೌಕರ್ಯವಲ್ಲ, ಕಣ್ಣಿಟ್ಟು ಕಾಯಬೇಕಾದ ಇನ್ನೊಂದು ಜಾಗ. ಮದುವೆ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದೊಳಗೆ ಮುಟ್ಟುವ ಲಾಡ್ಜ್ ಹುಡುಕಿ. ನಡುವೆ ಕೂಸಿಗೆ ಬಟ್ಟೆ ಬದಲಿಸಬೇಕಾದರೂ, ಮಧ್ಯಾಹ್ನ ಒಂದು ತಾಸು ಮಲಗಿಸಬೇಕಾದರೂ ಹತ್ತಿರವಿದ್ದದ್ದೇ ಉಪಯೋಗಕ್ಕೆ ಬರುತ್ತದೆ.

ಫೋಟೋ ನೋಡಿ ಬುಕ್ ಮಾಡಬೇಡಿ, ಮ್ಯಾನೇಜರಿಗೆ ಫೋನ್ ಮಾಡಿ. ಮೊದಲ ಪ್ರಶ್ನೆ ನೀರಿನದೇ ಇರಲಿ. ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು ಬರುತ್ತದೆ, ಆದರೆ ನಲ್ಲಿಗೆ ದಿನಾಲೂ ಬರುವುದಿಲ್ಲ. ಅದಕ್ಕೇ ಲಾಡ್ಜುಗಳು ಬೋರ್‌ವೆಲ್ಲನ್ನೋ ಟ್ಯಾಂಕರನ್ನೋ ನೆಚ್ಚಿಕೊಳ್ಳುವುದುಂಟು. ಬೋರಿನ ಸವಳು ನೀರು ಸ್ನಾನಕ್ಕೆ ನಡೆಯುತ್ತದೆ, ಕೂಸಿನ ಗಂಜಿಗೆ ಬೇಡ. ಕುದಿಸಿದರೆ ಕ್ರಿಮಿ ಸಾಯುತ್ತವೆಯೇ ಹೊರತು ಉಪ್ಪು, ಫ್ಲೋರೈಡ್ ಹೋಗುವುದಿಲ್ಲ. 20 ಲೀಟರಿನ ಸೀಲ್ ಇರುವ ಕ್ಯಾನ್ ರೂಮಿಗೇ ತರಿಸಿಕೊಳ್ಳಿ, ನಾಲ್ವರಿಗೆ ಸುಮಾರು ಎರಡು ದಿನ ಬರುತ್ತದೆ. ಕೂಸಿಗೆ ಕೊಡುವ ನೀರನ್ನು ಆ ಕ್ಯಾನಿನಿಂದಲೇ ತೆಗೆದು ಕುದಿಸಿ. ರೂಮಿನ ಕೆಟಲಿನಲ್ಲಿ ಹಿಂದಿನವರು ಏನೇನು ಬೇಯಿಸಿದ್ದರೋ ಗೊತ್ತಿರುವುದಿಲ್ಲ, ಮನೆಯಿಂದಲೇ ಸಣ್ಣದೊಂದು ಒಯ್ಯಿರಿ. ಪುಡಿ ಹಾಲು ಕೊಡುತ್ತಿದ್ದರೆ ನೀರು ಕುದಿದ ಅರ್ಧ ಗಂಟೆಯೊಳಗೆ, ಅಂದರೆ 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲು ಪುಡಿ ಕಲಸಿ, ಆಮೇಲೆ ಉಗುರುಬೆಚ್ಚಗೆ ಮಾಡಿ ಕುಡಿಸಿ. ಪುಡಿಯೊಳಗೂ ಕ್ರಿಮಿ ಇರಬಹುದು, ಅದಕ್ಕೇ ಆ ಬಿಸಿ ಬೇಕು. ಕಲಸಿ ಎರಡು ತಾಸಾದದ್ದನ್ನು ಚೆಲ್ಲಿಬಿಡಿ.

ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟರವರೆಗೆ ಎಂದೂ ಕೇಳಿ. ಸೋಲಾರ್ ಇದ್ದಲ್ಲಿ ಬೆಳಿಗ್ಗೆ ಕೆಲವು ತಾಸು ಮಾತ್ರ ಕೊಡುತ್ತಾರೆ. ಮೇ ತಿಂಗಳ ಬಿಸಿಲಿಗೆ ಕಾದ ಆ ನೀರು ಮಗುವಿನ ಚರ್ಮವನ್ನು ಕೆಲವೇ ಕ್ಷಣದಲ್ಲಿ ಸುಡಬಲ್ಲದು. ಬಕೆಟ್ಟಿಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು, ಮೊಣಕೈ ಅದ್ದಿ ನೋಡಿದ ಮೇಲೆ ಮಗು. ಸ್ನಾನವಾದ ಕೂಡಲೇ ಬಕೆಟ್ ಬೋರಲು ಹಾಕಿ. ಹತ್ತು ತಿಂಗಳ ಕೂಸು ಹಿಡಿದು ನಿಲ್ಲುತ್ತದೆ, ತಲೆ ಭಾರ, ಒಳಗೆ ಬಗ್ಗಿದರೆ ಮೇಲೇಳಲು ಬರುವುದಿಲ್ಲ.

ಇನ್ನು ಅಂತಸ್ತು. ತುದಿಯ ಮಹಡಿ ಬೇಡ, ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿಯಿಡೀ ಬಿಸಿ ಬಿಡುತ್ತದೆ. ರಸ್ತೆಯ ಕಡೆಯ ರೂಮೂ ಬೇಡ, ಬಸ್ಸಿನ ಹಾರ್ನು ಕೂಸನ್ನು ಎಬ್ಬಿಸುತ್ತದೆ. ಒಂದನೆಯ ಅಥವಾ ಎರಡನೆಯ ಮಹಡಿಯಲ್ಲಿ, ಹಿಂಬದಿಗೆ ಕೇಳಿ. ಕೆಳಗೆ ಬಾರ್ ಇದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸಿ. ಕರೆಂಟು ಹೋದರೆ ಜನರೇಟರ್ ಇದೆ ಎನ್ನುತ್ತಾರೆ. ಅದರ ಮೇಲೆ ಎಸಿ ಓಡುತ್ತದೋ ಫ್ಯಾನಷ್ಟೇಯೋ, ಲಿಫ್ಟ್ ನಡೆಯುತ್ತದೋ ಇಲ್ಲವೋ, ಬಿಡಿಸಿ ಕೇಳಬೇಕು. ಜಾಲರಿ ಬಾಗಿಲಿನ ಹಳೆಯ ಲಿಫ್ಟಾದರೆ ಮಗಳ ಬೆರಳು ಸಿಕ್ಕೀತು, ಮೆಟ್ಟಿಲೇ ವಾಸಿ.

ಚೆಕ್‌ಔಟ್ 24 ಗಂಟೆಯದೋ, ಮಧ್ಯಾಹ್ನ 12ರದೋ? ನೀವು ರಾತ್ರಿ ಹೊರಟು ಬೆಳಗಿನ ಆರಕ್ಕೆ ಮುಟ್ಟುವವರಾದರೆ ಇದೇ ದೊಡ್ಡ ಲೆಕ್ಕ. 24 ಗಂಟೆಯದಾದರೆ ಮರುದಿನ ಆರರವರೆಗೆ ಒಂದೇ ದಿನದ ಬಾಡಿಗೆ. 12ರದಾದರೆ ಕೂಸನ್ನೆತ್ತಿಕೊಂಡು ಮಧ್ಯಾಹ್ನದವರೆಗೆ ಕಾಯಬೇಕು, ಇಲ್ಲವೇ ಹಿಂದಿನ ರಾತ್ರಿಯದನ್ನೂ ಕೊಡಬೇಕು. ಮಕ್ಕಳಿಗೆ ಬೇರೆ ದುಡ್ಡು ಹಿಡಿಯುತ್ತಾರೋ, ಹೆಚ್ಚಿನ ಗಾದಿಗೆ ಎಷ್ಟು ಎಂಬುದನ್ನು ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳಿ.

ಆ ಹೆಚ್ಚಿನ ಗಾದಿಯನ್ನು ನೆಲಕ್ಕೇ ಹಾಸಿಸಿ. ಮಂಚವನ್ನು ಗೋಡೆಗೆ ಒತ್ತಿ ಕೂಸನ್ನು ಆ ಬದಿಗೆ ಮಲಗಿಸುವ ರೂಢಿ ಅಪಾಯದ್ದು. ರಾತ್ರಿ ಮಂಚ ಸರಿದು ನಾಲ್ಕು ಬೆರಳು ಸಂದಿಯಾದರೂ ಮಗು ಅದರಲ್ಲಿ ಸಿಕ್ಕಿಕೊಂಡು ಉಸಿರುಗಟ್ಟಬಹುದು. ನೆಲದ ಗಾದಿ ಗೋಡೆಯಿಂದ ದೂರವಿರಲಿ, ಕೂಸಿನ ಹತ್ತಿರ ದಿಂಬು ಬೇಡ, ಮೇಲೆ ಮಡಚುವ ಸೊಳ್ಳೆ ಪರದೆ ಇರಲಿ.

ದುಡ್ಡು ಕೊಡುವ ಮೊದಲು ರೂಮು ನೋಡಿ. ಹತ್ತೇ ನಿಮಿಷದ ಕೆಲಸ. ಗಾದಿಯ ಮೂಲೆ ಎತ್ತಿ ಹೊಲಿಗೆಯಲ್ಲಿ ಕಪ್ಪು ಚುಕ್ಕೆಗಳಿದ್ದರೆ ತಗಣಿ ಇವೆ, ಬೇರೆ ರೂಮು ಕೇಳಿ. ನಲ್ಲಿ ತಿರುವಿ, ಫ್ಲಷ್ ಒತ್ತಿ. ಬಾಲ್ಕನಿಯ ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಸಂದಿ ಇದ್ದರೆ ಆ ಬಾಗಿಲು ನಾಲ್ಕೂ ದಿನ ಮುಚ್ಚಿರಬೇಕು, ಕುರ್ಚಿಯನ್ನೂ ಅದರ ಹತ್ತಿರ ಇಡಬೇಡಿ. ಬಚ್ಚಲ ಬಾಗಿಲಿನ ಮೇಲ್ತುದಿಗೆ ಒಂದು ಟವೆಲ್ ಹಾಕಿಬಿಟ್ಟರೆ ಬಾಗಿಲು ಪೂರ್ತಿ ಕೂಡುವುದಿಲ್ಲ, ಮಗಳು ಒಳಗಿನಿಂದ ಚಿಲಕ ಹಾಕಿಕೊಳ್ಳುವ ಭಯವಿಲ್ಲ.

ಅತ್ತೆಯವರಿಗೆ ಹೇಳಬೇಕಾದವರು ನಿಮ್ಮ ಯಜಮಾನರು, ನೀವಲ್ಲ. ಫೋನಿನಲ್ಲಿ ಬೇಡ, ನೆಂಟರು ಸೇರುವ ಮೊದಲೇ ಒಮ್ಮೆ ಊರಿಗೆ ಹೋಗಿ ಎದುರಿಗೆ ಕೂತು ಹೇಳಲಿ: ‘ಅವ್ವಾ, ಹಗಲೆಲ್ಲಾ ನಿನ್ನ ಕಡೆನ ಇರ್ತೀವಿ. ಕೂಸು ಮಲಗಾಕಷ್ಟ ರೂಮು. ಮನ್ಯಾಗ ನಾಕು ಹಾಸಿಗಿ ಖಾಲಿ ಆದ್ರ ದೊಡ್ಡವರಿಗೆ ಅನುಕೂಲ ಆಗತೈತಿ.’ ಅರಿಷಿಣದ ರಾತ್ರಿ ಎಂಟಕ್ಕೆ ಯಜಮಾನರೇ ಮಕ್ಕಳನ್ನು ರೂಮಿಗೆ ಕರೆದೊಯ್ಯಲಿ, ನೀವು ಕೊನೆಯವರೆಗೂ ಮನೆಯಲ್ಲಿರಿ. ಸೊಸೆ ಮನೆಯಲ್ಲಿ ಓಡಾಡುತ್ತಿದ್ದರೆ ಮಂದಿಗೆ ಮಾತಾಡಲು ಏನೂ ಸಿಗುವುದಿಲ್ಲ.

ಮದುವೆ ಮನೆಯ ಅಡುಗೆಯಲ್ಲಿ ಖಾರ ಇರುತ್ತದೆ, ಹೊತ್ತೂ ಮೀರುತ್ತದೆ. ಹನ್ನೊಂದು ಗಂಟೆಗೆ ಮೆತ್ತಗಿನ ಅನ್ನ, ಬ್ಯಾಳಿ ಕಟ್ಟು ಬೇರೆ ತೆಗೆದಿಡಲು ಅತ್ತೆಯವರನ್ನೇ ಕೇಳಿ. ಬಿಸಿಯಿದ್ದಾಗಲೇ ತಿನ್ನಿಸಿ, ಉಳಿದದ್ದನ್ನು ಸಂಜೆಗೆ ಇಡಬೇಡಿ. ಓಆರ್‌ಎಸ್ ನಾಲ್ಕು ಪೊಟ್ಟಣ ಚೀಲದಲ್ಲಿರಲಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಪೂರ್ತಿ ಒಮ್ಮೆಗೇ ಕಲಸಬೇಕು, 24 ತಾಸಿನ ಮೇಲೆ ಚೆಲ್ಲಬೇಕು. ಭೇದಿಯಾದರೆ ಪ್ರತಿ ಸಲಕ್ಕೂ ಮಗನಿಗೆ 50ರಿಂದ 100 ಮಿಲಿ, ಮಗಳಿಗೆ 100ರಿಂದ 200 ಮಿಲಿ, ಚಮಚದಿಂದ ನಿಧಾನವಾಗಿ. ರಾತ್ರಿ ತೆರೆದಿರುವ ಮಕ್ಕಳ ದವಾಖಾನೆ ಯಾವುದು, ಅಲ್ಲಿಗೆ ಲಾಡ್ಜಿನಿಂದ ಎಷ್ಟು ದೂರ ಎಂಬುದನ್ನು ಬುಕ್ ಮಾಡುವ ಮೊದಲೇ ಅತ್ತೆಯವರ ಹತ್ತಿರ ಕೇಳಿಕೊಳ್ಳಿ. ಊರು ಅವರದು, ಅವರಿಗೆ ಗೊತ್ತಿರುತ್ತದೆ.