ಪಕ್ಕದ ಜಾಗದ ಕಟ್ಟಡ ಪರವಾನಗಿಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದೇ?

ಪ್ರಶ್ನೆ: ನಮ್ಮದು ಪುರಸಭೆ ವ್ಯಾಪ್ತಿಯ, ವಾಸದ ಮನೆಗಳೇ ಇರುವ ಬಡಾವಣೆ. ಹಿತ್ತಿಲಿನ ಕೆಳಗಿನ ಜಾಗದಲ್ಲಿ ನಾಲ್ಕು ಅಂತಸ್ತಿನ ಲಾಡ್ಜ್ ಕಟ್ಟಲು ಪುರಸಭೆ ಪರವಾನಗಿ ಕೊಟ್ಟಿದೆ. ಹಿಟಾಚಿ ತಂದು ನಮ್ಮ ಬೇಲಿಯ ಬುಡದವರೆಗೂ ಧರೆ ಕಡಿದಿದ್ದಾರೆ. ಬೇಲಿಯಂಚಿನ ಎರಡು ಅಡಿಕೆ ಮರಗಳ ಬೇರು ಹೊರಬಿದ್ದಿದೆ. ಕಚೇರಿಯಲ್ಲಿ ಕೇಳಿದರೆ, ‘ಪರವಾನಗಿ ಆಗಿಹೋಗಿದೆ, ಬೇಕಾದರೆ ಕೋರ್ಟಿಗೆ ಹೋಗಿ’ ಎನ್ನುತ್ತಾರೆ. ಬರೀ ಪಕ್ಕದ ಮನೆಯವರಾದ ನಮಗೆ ಆ ಹಕ್ಕಿದೆಯೇ? ಮಳೆಗಾಲ ಹತ್ತಿರ ಬಂದಿದೆ.
– ಒಬ್ಬ ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಹಕ್ಕು ಖಂಡಿತ ಇದೆ, ಅದಕ್ಕೆ ಆಧಾರವೂ ನಮ್ಮ ರಾಜ್ಯದ್ದೇ. ಉಡುಪಿಯಲ್ಲಿ ಕಲ್ಯಾಣ ಮಂಟಪಕ್ಕೆಂದು ಪಡೆದ ಪರವಾನಗಿಯನ್ನು ಚಿತ್ರಮಂದಿರಕ್ಕೆ ತಿರುಗಿಸಿಕೊಳ್ಳಲು ಅಲ್ಲಿನ ಪುರಸಭೆ ಒಪ್ಪಿದಾಗ, ಅದೇ ಪ್ರದೇಶದ ನಿವಾಸಿಯೊಬ್ಬರು ಹೂಡಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಾಸಕ್ಕೆಂದು ಗೊತ್ತುಪಡಿಸಿದ ಪ್ರದೇಶವನ್ನು ಯೋಜನೆಗೆ ವಿರುದ್ಧವಾಗಿ ಬಳಸಲು ಪುರಸಭೆ ಅನುಮತಿ ಕೊಟ್ಟರೆ ಅಲ್ಲಿನ ನಿವಾಸಿಗಳು ಅದನ್ನು ಪ್ರಶ್ನಿಸಬಹುದು, ಕಟ್ಟಡಕ್ಕೆ ಹಣ ಸುರಿದಾಗಿದೆ ಎಂಬುದರಿಂದ ಅಕ್ರಮ ಅನುಮತಿ ಸಕ್ರಮವಾಗುವುದಿಲ್ಲ ಎಂದು ಆ ನ್ಯಾಯಾಲಯ ಕೆ. ರಾಮದಾಸ ಶೆಣೈ ಪ್ರಕರಣದಲ್ಲಿ 1974ರಲ್ಲಿ ತೀರ್ಪು ನೀಡಿತು. ನಿಮ್ಮ ವಕೀಲರು ಮೊದಲು ಓದಬೇಕಾದ ತೀರ್ಪು ಇದೇ.

ಆದರೆ ನಿಮ್ಮ ತಕರಾರು ಪರವಾನಗಿಯ ಮೇಲೋ, ಪರವಾನಗಿ ಮೀರಿ ನಡೆಯುತ್ತಿರುವ ಕೆಲಸದ ಮೇಲೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಎರಡನ್ನೂ ಕಲಸಿ ಬರೆದ ಅರ್ಜಿಗಳೇ ಹೆಚ್ಚಾಗಿ ಸೋಲುತ್ತವೆ. ಇದು ತಿಳಿಯಬೇಕಾದರೆ ಕಡತ ನೋಡಲೇಬೇಕು. ಮಂಜೂರಾದ ನಕ್ಷೆ, ಪರವಾನಗಿ, ಭೂ ಪರಿವರ್ತನೆಯ ಆದೇಶ, ಕಡತದ ಟಿಪ್ಪಣಿ ಹಾಳೆಗಳು, ಇವುಗಳ ದೃಢೀಕೃತ ಪ್ರತಿಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿರಿ. ಅದೇ ಅರ್ಜಿಯಲ್ಲಿ ಕಡತ ಪರಿಶೀಲನೆಗೂ ಅವಕಾಶ ಕೋರಿರಿ. ಉತ್ತರ ಕೊಡಲು ಅವರಿಗೆ 30 ದಿನಗಳ ಕಾಲಾವಕಾಶವಿದೆ. ಹಿಟಾಚಿ ಅಷ್ಟು ದಿನ ಕಾಯುವುದಿಲ್ಲವಾದ್ದರಿಂದ, ಮಂಜೂರಾದ ನಕ್ಷೆಯ ಪ್ರತಿಯನ್ನು ಕೆಲಸದ ಸ್ಥಳದಲ್ಲಿ ಪ್ರದರ್ಶಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ನಿರ್ದೇಶಿಸಿರುವುದನ್ನು ನೆನಪಿಸಿ ಇಂದೇ ಮುಖ್ಯಾಧಿಕಾರಿಗೆ ಬರೆಯಿರಿ.

ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಪಡಿಸುವ ಮಹಾ ಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ವಾಸಕ್ಕೆಂದು ಗುರುತಿಸಿದ ಜಾಗದಲ್ಲಿ ವಾಣಿಜ್ಯ ಕಟ್ಟಡಕ್ಕೆ ಒಪ್ಪಿಗೆ ಕೊಟ್ಟಿದ್ದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಭೂ ಬಳಕೆ ಬದಲಾವಣೆಗೆ ಯೋಜನಾ ಪ್ರಾಧಿಕಾರದ ಅನುಮತಿ ದೊರೆತಿದೆಯೇ ಎಂಬುದು ಮುಖ್ಯ ಪ್ರಶ್ನೆಯಾಗುತ್ತದೆ. ದೊರೆತಿಲ್ಲವೆಂದಾದರೆ, ಪರವಾನಗಿಯನ್ನೇ ರದ್ದುಪಡಿಸುವಂತೆ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ, ಅಂದರೆ ಆಡಳಿತದ ಕ್ರಮವನ್ನು ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ, ಸಲ್ಲಿಸಬಹುದು. ಶಿವಮೊಗ್ಗ ಜಿಲ್ಲೆಯವರು ಬೆಂಗಳೂರಿನ ಪ್ರಧಾನ ಪೀಠಕ್ಕೇ ಹೋಗಬೇಕು. ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರದವರಾಗಿದ್ದರೆ ಧಾರವಾಡ ಪೀಠ. ಲಾಡ್ಜ್ ಊರಿಗೆ ಬೇಕೋ ಬೇಡವೋ ಎಂಬುದನ್ನು ನ್ಯಾಯಾಲಯ ವಿಚಾರಿಸುವುದಿಲ್ಲ. ಅಧಿಕಾರ ಇದ್ದವರೇ ಆದೇಶ ಮಾಡಿದರೇ, ಕಾನೂನು ಹೇಳಿದ ಕ್ರಮ ಪಾಲಿಸಿದರೇ, ನೋಡಬೇಕಾದ ದಾಖಲೆ ನೋಡಿದರೇ ಎಂಬುದಷ್ಟೇ ಅಲ್ಲಿ ಪರಿಶೀಲನೆಗೆ ಬರುತ್ತದೆ. ‘ನಮ್ಮ ನೆಮ್ಮದಿ ಹಾಳಾಯಿತು’ ಎಂದು ಹತ್ತು ಪುಟ ಬರೆಯುವುದಕ್ಕಿಂತ, ಕಡತದಲ್ಲಿ ಇರಬೇಕಾಗಿದ್ದು ಇಲ್ಲದಿರುವ ಒಂದೇ ಒಂದು ಕಾಗದವನ್ನು ತೋರಿಸಿದರೆ ಹೆಚ್ಚು ಪ್ರಯೋಜನ.

ಪರವಾನಗಿ ಸರಿಯಾಗಿದ್ದು, ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಖಾಲಿ ಜಾಗ) ಬಿಡದೆಯೋ ಅಂತಸ್ತು ಹೆಚ್ಚಿಸಿಯೋ ಕಟ್ಟುತ್ತಿದ್ದಾರೆ ಎಂದಾದರೆ ದಾರಿ ಬೇರೆ. ಆಗ ಮೊದಲು ಪುರಸಭೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಅವರು ಸುಮ್ಮನೆ ಕುಳಿತರೆ, ಕರ್ತವ್ಯ ನಿರ್ವಹಿಸುವಂತೆ ಆದೇಶಿಸಲು ಹೈಕೋರ್ಟನ್ನು ಕೋರಬಹುದು. ಪುರಸಭೆಯ ಕಾನೂನುಬಾಹಿರ ಆದೇಶವನ್ನು ಅಮಾನತಿನಲ್ಲಿಡಲು 1964ರ ಪುರಸಭೆಗಳ ಕಾಯ್ದೆಯ 306ನೇ ಸೆಕ್ಷನ್ ಜಿಲ್ಲಾಧಿಕಾರಿಗೆ ಅಧಿಕಾರ ಕೊಟ್ಟಿದೆ. ಅಲ್ಲಿಗೂ ಒಂದು ಮನವಿ ಹೋಗಿರಲಿ, ಏಕೆಂದರೆ ‘ಇಲ್ಲಿಗೆ ಬರುವ ಮೊದಲು ಯಾರಿಗೆ ದೂರಿದಿರಿ?’ ಎಂಬ ಪ್ರಶ್ನೆ ಹೈಕೋರ್ಟಿನಲ್ಲಿ ಬಂದೇ ಬರುತ್ತದೆ.

ಧರೆಯ ವಿಷಯವನ್ನು ಮಾತ್ರ ಇದರೊಡನೆ ಬೆರೆಸಬೇಡಿರಿ. ಪಕ್ಕದ ನೆಲ ನಿಮ್ಮ ನೆಲಕ್ಕೆ ಸಹಜವಾಗಿ ಕೊಡುತ್ತಿರುವ ಆಸರೆಯನ್ನು ಉಳಿಸಿಕೊಳ್ಳುವ ಹಕ್ಕು 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್ನಿನಲ್ಲೇ ಇದೆ. ಪುರಸಭೆಯ ಯಾವ ಪರವಾನಗಿಯೂ ಅದನ್ನು ಕಿತ್ತುಕೊಳ್ಳಲಾರದು. ಇದಕ್ಕೆ ನಿಮ್ಮ ತಾಲ್ಲೂಕಿನ ಸಿವಿಲ್ ನ್ಯಾಯಾಲಯದಲ್ಲೇ ದಾವೆ ಹೂಡಿ, ಮುಂದೆ ಧರೆ ಕಡಿಯದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳುವುದು, ಸ್ಥಳ ಪರಿಶೀಲಿಸಿ ನ್ಯಾಯಾಲಯಕ್ಕೆ ವರದಿ ಕೊಡುವ ಕೋರ್ಟ್ ಕಮಿಷನರನ್ನು ನೇಮಿಸುವಂತೆ ಕೋರುವುದು ಸೂಕ್ತ. ಗಡಿ ಎಲ್ಲಿದೆ, ಎಷ್ಟು ಆಳ ಕಡಿದಿದ್ದಾರೆ ಎಂಬ ಸಾಕ್ಷ್ಯದ ಸಂಗತಿಗಳನ್ನು ರಿಟ್‌ನಲ್ಲಿ ಸಾಮಾನ್ಯವಾಗಿ ನಿರ್ಧರಿಸುವುದಿಲ್ಲ. ಸರ್ವೆ ನಕ್ಷೆ ಮಾಡಿಸಿಟ್ಟುಕೊಳ್ಳಿರಿ, ಬೇರು ಹೊರಬಿದ್ದ ಆ ಅಡಿಕೆ ಮರಗಳ ಫೋಟೊಗಳನ್ನು ದಿನಾಂಕ ಕಾಣುವಂತೆ ತೆಗೆದಿಡಿರಿ. ಜೋರು ಮಳೆ ಹಿಡಿಯುವ ಮೊದಲೇ ಈ ದಾವೆ ದಾಖಲಾಗಬೇಕು.

ರಿಟ್‌ಗೆ ಕಾನೂನು ಇಷ್ಟೇ ದಿನ ಎಂದು ಗಡುವು ಹಾಕಿಲ್ಲವಾದರೂ, ಕಾರಣವಿಲ್ಲದೆ ತಡ ಮಾಡಿದವರಿಗೆ ನ್ಯಾಯಾಲಯ ಪರಿಹಾರ ನಿರಾಕರಿಸಬಹುದು. ಉಡುಪಿಯ ತೀರ್ಪನ್ನೇ ನಂಬಿಕೊಂಡು ನಾಲ್ಕನೆಯ ತಾರಸಿ ಬೀಳುವವರೆಗೆ ಕಾಯುವುದು ಜಾಣತನವಲ್ಲ. ಎದುರಾಳಿ ಈಗಾಗಲೇ ಕೇವಿಯೆಟ್ (ತಮ್ಮನ್ನು ಕೇಳದೆ ಆದೇಶ ಮಾಡಬಾರದೆಂಬ ಮುಂಗಡ ಅರ್ಜಿ) ಹಾಕಿದ್ದರೆ ಅವರ ಮಾತು ಕೇಳದೆ ತಡೆಯಾಜ್ಞೆ ಸಿಗುವುದು ಕಷ್ಟ, ಆದ್ದರಿಂದ ಅದನ್ನು ಮೊದಲೇ ವಿಚಾರಿಸಿಕೊಳ್ಳಿರಿ. ತಡೆಯಾಜ್ಞೆ ಸಿಗದೆ ಕಟ್ಟಡ ಮೇಲೆದ್ದರೂ ದಾರಿ ಪೂರ್ತಿ ಮುಚ್ಚುವುದಿಲ್ಲ: ಕಟ್ಟಡವನ್ನು ಬಳಸಲು ಒಪ್ಪಿಗೆ ಕೊಡುವ ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಅದೇ ತೀರ್ಪು ಹೇಳಿರುವುದರಿಂದ, ನಕ್ಷೆ ಮೀರಿದ ಕಟ್ಟಡಕ್ಕೆ ಆ ಪತ್ರ ಕೊಡದಂತೆ ಪುರಸಭೆಗೂ, ಸಂಪರ್ಕ ಕೊಡದಂತೆ ಮೆಸ್ಕಾಂಗೂ ಆಕ್ಷೇಪಣೆ ಸಲ್ಲಿಸಬಹುದು.